ಟ್ರ್ಯಾಕ್ಟರಿನ ವಿದ್ಯುತ್ ಸಂಧಿಗಳಲ್ಲಿ ತೇವವೂ ಕಿಲುಬೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬನ್ನು ಕಾರ್ಖಾನೆಗೆ ಸಾಗಿಸುವ ಭಾರವು ಬಹುಮಟ್ಟಿಗೆ ಟ್ರ್ಯಾಕ್ಟರುಗಳ ಮೇಲೆಯೇ ಇರುತ್ತದೆ. ಹಂಗಾಮಿಗೆ ಮುಂಚೆ ಒಕ್ಕಲಿಗರು ಎಂಜಿನ್ನಿನ ಎಣ್ಣೆಯನ್ನೂ ಗಾಲಿಗಳನ್ನೂ ನೋಡಿಕೊಳ್ಳುವುದುಂಟು. ಆದರೆ ವಾಯರುಗಳು ಒಂದನ್ನೊಂದು ಕೂಡುವ ಸಂಧಿಗಳನ್ನು, ಅಂದರೆ ಮಿಸ್ತ್ರಿಗಳು ಕಪ್ಲರ್ ಎಂದು ಕರೆಯುವ ಭಾಗಗಳನ್ನು, ಬಿಚ್ಚಿ ನೋಡುವವರು ವಿರಳ. ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ಕೊಂಡ ಮೇಲೆ, ದೋಷವು ಸಂಧಿಯಲ್ಲಿತ್ತೆಂದು ತಿಳಿದುಬರುವ ಪ್ರಸಂಗಗಳೂ ಉಂಟು.

ತಾಮ್ರಕ್ಕೆ ನೀರೂ ಗಾಳಿಯೂ ತಗುಲಿದರೆ ಹಸಿರು ಕಿಲುಬು ಹಿಡಿಯುವುದನ್ನು ಮನೆಯ ಹಂಡೆಯಲ್ಲಿ ಎಲ್ಲರೂ ಕಂಡಿದ್ದಾರೆ. ಅದೇ ಕಿಲುಬು ಸಂಧಿಯೊಳಗೆ ಬೆಳೆದರೆ ವಿದ್ಯುತ್ತಿನ ಹರಿವಿಗೆ ತಡೆಯುಂಟಾಗುತ್ತದೆ. ಸ್ಟಾರ್ಟರ್ ಮೋಟಾರು ೨೦೦ ಆಂಪಿಯರ್ ಎಳೆಯುವಾಗ, ಸಂಧಿಯಲ್ಲಿ ಓಮಿನ ನೂರನೆಯ ಒಂದು ಪಾಲಿನಷ್ಟು ತಡೆಯಿದ್ದರೂ, ೧೨ ವೋಲ್ಟುಗಳಲ್ಲಿ ೨ ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ಸಂಧಿಯು ಕಾಯುತ್ತದೆ, ಮೋಟಾರು ಮಂದವಾಗುತ್ತದೆ.

೨೦೧೯ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ, ಗೋಕಾಕ ಪಟ್ಟಣದ ತಗ್ಗು ಭಾಗಗಳನ್ನೂ ತೀರದ ಹಳ್ಳಿಗಳನ್ನೂ ಮುಳುಗಿಸಿದುದು ಜನರ ನೆನಪಿನಲ್ಲಿದೆ. ನೆರೆಯಲ್ಲಿ ನಿಂತ ಟ್ರ್ಯಾಕ್ಟರನ್ನು ಕೂಡಲೇ ಚಾಲೂ ಮಾಡಕೂಡದು; ಮೊದಲು ಬ್ಯಾಟರಿಯ ತಂತಿಯನ್ನು ಕಳಚತಕ್ಕದ್ದು. ನೀರು ವಾಯರಿನ ಹೊದಿಕೆಯೊಳಗೆ ಎಳೆಗಳ ಗುಂಟ ಏರಿ, ಮೇಲೆ ಏನೂ ಕಾಣದಿದ್ದರೂ ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತಿರುತ್ತದೆ. ಹೊದಿಕೆ ಸುಲಿದಾಗ ಎಳೆಗಳು ಕಪ್ಪಾಗಿದ್ದರೆ ಆ ತುಂಡನ್ನು ಬದಲಿಸುವುದೇ ಲೇಸು.

ಪರೀಕ್ಷೆಯ ಕ್ರಮವು ಹೀಗಿದೆ. ಬೀಗದ ಕೈ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು. ತಿರುಗಿ ಜೋಡಿಸುವಾಗ ಅದನ್ನೇ ಕಡೆಗೆ ಜೋಡಿಸಬೇಕು. ಇದರಿಂದ ಪಾನಾ ಚಾಸಿಗೆ ತಗುಲಿದರೂ ಕಿಡಿ ಹಾರದು. ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಬೆಂಕಿ ಹತ್ತುವುದರಿಂದ ಹತ್ತಿರ ಬೀಡಿಯಾಗಲಿ ದೀಪವಾಗಲಿ ಇರಕೂಡದು. ತುದಿಗಳ ಬಿಳಿಯ ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಬೇಕು. ಆ ನೀರು ಬ್ಯಾಟರಿಯೊಳಕ್ಕೆ ಇಳಿಯಬಾರದು. ಒಣಗಿದ ಬಳಿಕ ಬಿಗಿಮಾಡಿ ವ್ಯಾಸಲೀನ್ ಸವರತಕ್ಕದ್ದು.

ಕಪ್ಲರನ್ನು ಬಿಚ್ಚುವಾಗ ವಾಯರನ್ನು ಜಗ್ಗದೆ, ಕೊಕ್ಕೆಯನ್ನು ಒತ್ತಿ ಅದರ ಮೈಯನ್ನೇ ಹಿಡಿದು ಎಳೆಯಬೇಕು. ಒಳಗೆ ತೇವ, ಹಸಿರು ಅಥವಾ ಬಿಳಿಯ ಪುಡಿ, ಸುಟ್ಟ ಕಪ್ಪು, ಬಾಗಿದ ಪಿನ್ನು, ಹರಿದ ರಬ್ಬರು ಇವೆಯೇ ಎಂದು ನೋಡಬೇಕು. ವಿದ್ಯುತ್ ಸಂಧಿಗಳಿಗೆಂದೇ ಮಾರುವ ಸ್ಪ್ರೇಯಿಂದ ತೊಳೆದು ಪೂರ್ಣ ಒಣಗಿಸಬೇಕು. ಸೀಮೆಎಣ್ಣೆ ರಬ್ಬರನ್ನು ಕೆಡಿಸುತ್ತದೆ; ಉಪ್ಪುಕಾಗದವು ಪಿನ್ನಿನ ತೆಳುಲೇಪವನ್ನು ಕಿತ್ತುಹಾಕುತ್ತದೆ. ಆದಕಾರಣ ಎರಡೂ ಸಲ್ಲವು. ಅರ್ಥಿಂಗ್ ವಾಯರು ಚಾಸಿಗೆ ಕೂಡುವಲ್ಲಿ ಮಾತ್ರ ಬಣ್ಣವನ್ನೂ ತುಕ್ಕನ್ನೂ ಕೆರೆದು, ಲೋಹ ಹೊಳೆಯುವಂತೆ ಮಾಡಿ ಬಿಗಿಯಬೇಕು. ಗಾಡಿ ತೊಳೆಯುವಾಗ ಜೋರಿನ ನೀರನ್ನು ಕಪ್ಲರುಗಳ ಮೇಲೆ ಹಾಯಿಸಕೂಡದು.

೨೦೨೩ರ ಜನವರಿ ೧ರಿಂದ, ೫೦ ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಕಟ್ಟುನಿಟ್ಟಾದ ಹೊಗೆ ನಿಯಮಗಳು ಜಾರಿಗೆ ಬಂದವು. ಇಂಥ ಅನೇಕ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಪ್ರಮಾಣವನ್ನು ವಿದ್ಯುನ್ಮಾನ ಯಂತ್ರವೇ ನಿರ್ಣಯಿಸುತ್ತದೆ. ಅದರ ಸೆನ್ಸರ್ ವಾಯರುಗಳಲ್ಲಿ ಅತಿ ಅಲ್ಪ ವಿದ್ಯುತ್ತು ಹರಿಯುವುದರಿಂದ ಸ್ವಲ್ಪ ತೇವವೂ ಸುಳ್ಳು ಸೂಚನೆ ಕೊಟ್ಟು ಎಂಜಿನ್ನನ್ನು ಸೊರಗಿಸಬಲ್ಲದು. ಅವನ್ನು ಸೂಜಿಯಿಂದ ಚುಚ್ಚದೆ ತರಬೇತಾದ ಮಿಸ್ತ್ರಿಗೆ ತೋರಿಸತಕ್ಕದ್ದು.

ಕಡೆಯದಾಗಿ ಟ್ರೇಲರಿನ ದೀಪದ ಸಾಕೆಟ್ಟು. ಕೆಸರು, ಧೂಳು, ಮಳೆ ಎಲ್ಲಕ್ಕೂ ಮೈಯೊಡ್ಡಿರುವ ಈ ಸಂಧಿ ಬೇಗನೆ ಕೆಡುತ್ತದೆ. ಸಂಕೇಶ್ವರದ ಮೂಲಕ ಹಾಯುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಯಲ್ಲಿ, ರಾತ್ರಿ ಕಬ್ಬು ಹೇರಿಕೊಂಡು ಹಿಂದೀಪವಿಲ್ಲದೆ ಹೋಗುವ ಟ್ರೇಲರು ಹಿಂದಿನಿಂದ ಬರುವವನಿಗೆ ಕಾಣುವುದು ತೀರ ಸಮೀಪಿಸಿದ ಮೇಲೆ. ಚಿಟಿಕೆ ಕಿಲುಬಿಗೆ ಒಂದು ಜೀವವೇ ಹೋಗಬಹುದು.

ಹೀಗಿರಲು ಊರ ಹಿರಿಯರೂ ಜಮೀನುದಾರರೂ ಹಂಗಾಮಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಎಲ್ಲ ಟ್ರ್ಯಾಕ್ಟರು ಟ್ರೇಲರುಗಳ ಸಂಧಿಗಳನ್ನು ತಮ್ಮ ಸಮಕ್ಷಮದಲ್ಲಿ ಬಿಚ್ಚಿಸಿ ನೋಡತಕ್ಕದ್ದು. ಹಿಂದೀಪ ಹೊತ್ತದ ಟ್ರೇಲರಿಗೆ ಕಬ್ಬು ಹೇರಲು ಒಪ್ಪಿಗೆ ಕೊಡಕೂಡದು.