ಇಂಗ್ಲೆಂಡ್ ನೋಡುವ ಮುಂಚೆ ಶ್ರೀರಂಗಪಟ್ಟಣ ನೋಡಿ

ರಜೆ ಬಂತೆಂದರೆ ಮಂಗಳೂರು ಬಸ್ ಹತ್ತುವುದು ಬೆಂಗಳೂರಿನ ಬ್ಯಾರಿ ಮನೆಗಳ ಹಳೇ ಕ್ರಮ. ಈಗ ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದರೆ ಮನೆಮಂದಿಯೆಲ್ಲ ಒಮ್ಮೆ ಅಲ್ಲಿಗೂ ಹೋಗಿ, ಕಾರು ಬಾಡಿಗೆಗೆ ಹಿಡಿದು ಊರೂರು ಸುತ್ತುವುದುಂಟು. ಲಂಡನ್ ಟವರ್, ಸ್ಟೋನ್‌ಹೆಂಜ್ ನೋಡಲಿ, ಬೇಡ ಅನ್ನುವವರು ಯಾರು? ಆದರೆ ಅಲ್ಲಿ ನಮ್ಮ ನಾಡಿನ ಚರಿತ್ರೆಯೂ ಇದೆ. ಅದನ್ನು ಬಿಟ್ಟು ಬಂದರೆ ಪ್ರವಾಸ ಅರ್ಧವೇ.

ಇದಕ್ಕೆ ತಯಾರಿ ಇಲ್ಲಿಯೇ ಆಗಬೇಕು. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಮಾರ್ಕೆಟ್‌ನಲ್ಲಿ ಇಳಿದರೆ 1791ರಲ್ಲಿ ಕಟ್ಟಿ ಮುಗಿಸಿದ ಟಿಪ್ಪುವಿನ ಬೇಸಿಗೆ ಅರಮನೆ ಹತ್ತಿರವೇ. ಇನ್ನೊಂದು ಭಾನುವಾರ ಮೈಸೂರು ರಸ್ತೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗಿ. 1799ರ ಮೇ 4ರಂದು ಟಿಪ್ಪು ಮಡಿದ ಜಾಗ, ಗುಂಬಜ್, ದರಿಯಾ ದೌಲತ್ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ಮಕ್ಕಳಿಗೆ ತೋರಿಸಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪ್ರವೇಶಕ್ಕೆ ದುಡ್ಡಿಲ್ಲ. ಟಿಪ್ಪುವಿನ ಮರದ ಹುಲಿ ಈ ಮ್ಯೂಸಿಯಂನದ್ದೇ. ಬಿಳಿಯನೊಬ್ಬನ ಮೇಲೆರಗಿದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುವ, ಕೆಳಗೆ ಬಿದ್ದವ ನರಳುವ ಸದ್ದು ಬರುವ ಹಾಗೆ ಮಾಡಿದ್ದಾರೆ. ಎಲ್ಲಿ ಇಟ್ಟಿದ್ದಾರೆಂದು ಹೋಗುವ ಮೊದಲೇ ವಿಚಾರಿಸಿಕೊಳ್ಳಿ. ಥೇಮ್ಸ್ ದಡದಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆಯೂ ಇದೆ.

ವಿಂಡ್ಸರ್ ಕೋಟೆಯಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿ ತಲೆ ಇದೆ. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಅಲ್ಲಿ ಬಾಗಿಲು ಹಾಕಿರುತ್ತಾರೆ. "ಉಪ್ಪಾ, ಇದು ಇಲ್ಲಿಗೆ ಹೇಗೆ ಬಂತು?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ: ಇದು ಕೊಂಡದ್ದಲ್ಲ, ಟಿಪ್ಪು ಕೊಟ್ಟದ್ದೂ ಅಲ್ಲ. ಪಟ್ಟಣ ಬಿದ್ದ ಮೇಲೆ ಗೆದ್ದವರು ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಹಾಗೆಯೇ, ಇಂಗ್ಲಿಷರು 1784ರಲ್ಲಿ ಟಿಪ್ಪುವಿನೊಡನೆ ಸಂಧಿ ಮಾಡಿಕೊಂಡದ್ದು ನಮ್ಮ ಮಂಗಳೂರಿನಲ್ಲೇ ಎಂಬುದನ್ನೂ, ಅದೇ ವರ್ಷ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದ್ದನ್ನೂ ಹೇಳಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಮಕ್ಕಳು ಉಳಿದರ್ಧವನ್ನು ಮೊಬೈಲಿನಲ್ಲಿ ಯಾರ್‍ಯಾರ ಬಾಯಿಂದಲೋ ಕೇಳುತ್ತಾರೆ.

ವಿಂಡ್ಸರ್‌ನಿಂದ ವೋಕಿಂಗ್ ದೂರವಲ್ಲ. ಅಲ್ಲಿನ ಶಾಜಹಾನ್ ಮಸೀದಿ 1889ರದ್ದು. ಬ್ರಿಟನ್‌ನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ. ಭೋಪಾಲದ ಶಾಜಹಾನ್ ಬೇಗಂ ಹಣ ಕೊಟ್ಟದ್ದರಿಂದ ಆ ಹೆಸರು. ಇವತ್ತಿಗೂ ಅಲ್ಲಿ ನಮಾಝ್ ನಡೆಯುತ್ತದೆ. ಪಕ್ಕದ ಹಾರ್ಸೆಲ್ ಕಾಮನ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ತೀರಿಕೊಂಡ ಭಾರತದ ಮುಸ್ಲಿಂ ಸೈನಿಕರಿಗಾಗಿ 1917ರಲ್ಲಿ ಕಟ್ಟಿದ ದಫನಭೂಮಿ ಈಗ ಶಾಂತಿ ಉದ್ಯಾನವಾಗಿದೆ. ಹತ್ತಿರದ ಬ್ರೂಕ್‌ವುಡ್‌ನಲ್ಲಿ ಅಬ್ದುಲ್ಲಾ ಯೂಸುಫ್ ಅಲಿ ಮತ್ತು ಮರ್ಮಡ್ಯೂಕ್ ಪಿಕ್ತಾಲ್ ಅವರ ಖಬರ್‌ಗಳಿವೆ. ಇವರಿಬ್ಬರ ಇಂಗ್ಲಿಷ್ ಕುರ್‌ಆನ್ ಅನುವಾದ ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿದೆ.

ಇನ್ನೂ ಎರಡು ದಿನ ಇದ್ದರೆ ಲಿವರ್‌ಪೂಲ್‌ಗೆ ಹೋಗಿ. ಇಸ್ಲಾಂ ಸ್ವೀಕರಿಸಿದ ಇಂಗ್ಲಿಷ್ ವಕೀಲ ಅಬ್ದುಲ್ಲಾ ಕ್ವಿಲಿಯಂ 1889ರಲ್ಲಿ ಬ್ರೌಹಮ್ ಟೆರೇಸ್‌ನ ಮನೆಯೊಂದರಲ್ಲಿ ಮಸೀದಿ ತೆರೆದದ್ದು ಅಲ್ಲಿಯೇ.

ಕಾರಿನ ಬಗ್ಗೆ ಎರಡು ಮಾತು. ಅಲ್ಲೂ ನಮ್ಮ ಹಾಗೆ ಎಡಬದಿಯ ಓಡಾಟ. ಚಾಲ್ತಿಯಲ್ಲಿರುವ ಭಾರತದ ಲೈಸೆನ್ಸ್‌ನಲ್ಲಿ ಪ್ರವಾಸಿಗರು 12 ತಿಂಗಳವರೆಗೆ ಕಾರು ಓಡಿಸಬಹುದು. ಬಾಡಿಗೆ ಕಂಪೆನಿಯ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. ಬೋರ್ಡಿನಲ್ಲಿರುವುದು ಮೈಲಿ, ಕಿಲೋಮೀಟರ್ ಅಲ್ಲ. ಹೆದ್ದಾರಿಯ ಮಿತಿ 70 ಮೈಲಿ ಅಂದರೆ ನಮ್ಮ 112 ಕಿ.ಮೀ. ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ. ಮಡಿಲಲ್ಲಿ ಕೂರಿಸಿಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಇಂಗ್ಲೆಂಡಿಗೆ ಹೋಗುವ ಯೋಗ ಎಲ್ಲರಿಗೂ ಇರುವುದಿಲ್ಲ. ಮಾರ್ಕೆಟ್‌ನ ಅರಮನೆಗೆ, ಶ್ರೀರಂಗಪಟ್ಟಣಕ್ಕೆ ಹೋಗಲು ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ. ಬರುವ ಭಾನುವಾರವೇ ಹೊರಡಬಹುದು.