ಅಂಗೈಯ ಗಣಕದ ಗುಣದೋಷಗಳು

ಕಿಲೋಗ್ರಾಮಿನಷ್ಟೇ ತೂಗುವ ದುಬಾರಿ ಲ್ಯಾಪ್‌ಟಾಪನ್ನು ನಾವಿಂದು ಅಂಗಡಿಯಲ್ಲಿ ಕೈಯಲ್ಲೆತ್ತಿ ಮೆಚ್ಚುತ್ತೇವೆ. ಹಗುರವಾಗಲೆಂದು ಅದು ಏನನ್ನು ತೊರೆದಿದೆಯೆಂದು ಕೇಳುವವರು ವಿರಳ. ಈ ಪರೀಕ್ಷೆಗೆ ನಮ್ಮ ನಾಡಿನದೇ ಒಂದು ನಿದರ್ಶನವುಂಟು: ಬೆಂಗಳೂರಿನಲ್ಲಿ 2001ರಲ್ಲಿ ಬೆಳಕಿಗೆ ಬಂದ ಸಿಂಪ್ಯೂಟರ್.

ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು ಎನ್‌ಕೋರ್ ಕಂಪನಿಯವರೊಡಗೂಡಿ ಇದನ್ನು ರೂಪಿಸಿದರು. ಇದಕ್ಕೆ ಕೀಲಿಮಣೆಯಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿ ನಡೆಸಬೇಕು. 206 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್ ವಿದ್ಯುತ್ತನ್ನು ಮಿತವಾಗಿ ಬಳಸುವಂಥದಾದುದರಿಂದ ಮೂರು ಪುಟ್ಟ ಸೆಲ್ಲುಗಳೇ ಸಾಕಾಗುತ್ತಿದ್ದುವು.

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಂಥ ಹೋಬಳಿಯಲ್ಲಿ ಓದು ಬಾರದ ಬೇಸಾಯಗಾರನೊಬ್ಬನನ್ನು ಊಹಿಸಿಕೊಳ್ಳೋಣ. ಆತ ಯಂತ್ರವನ್ನು ಕೊಳ್ಳಬೇಕಾಗಿರಲಿಲ್ಲ. ತನ್ನ ವಿವರಗಳುಳ್ಳ ಸ್ಮಾರ್ಟ್ ಕಾರ್ಡನ್ನು ತೂರಿಸಿದೊಡನೆ ಊರಿಗೆಲ್ಲ ಒಂದೇ ಆದ ಯಂತ್ರ ಆ ಗಳಿಗೆಗೆ ಆತನದಾಗುತ್ತಿತ್ತು. ಬರಹವನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ನಮ್ಮ ಎಣಿಕೆಯಲ್ಲಿ ಇದರ ಪರಮ ಗುಣ ಇದೇ.

ದೋಷಗಳೂ ಈ ಗುಣಗಳ ಒಡಹುಟ್ಟುಗಳೇ. ಪರದೆ ಚಿಕ್ಕದು, ಮೊದಲ ಮಾದರಿಗಳಲ್ಲಿ ಬಣ್ಣರಹಿತ. ಕಡ್ಡಿಯಿಂದ ನಾಲ್ಕು ಸಾಲು ಬರೆಯುವುದರಲ್ಲೇ ತಾಳ್ಮೆ ತೀರುವುದು. ಎಲ್ಲಕ್ಕೂ ಮಿಗಿಲಾದ ತೊಡಕು ಬೆಲೆ. ಸುಮಾರು 9,000 ರೂಪಾಯಿಗೆ ಒದಗಿಸಬೇಕೆಂಬುದು ಉದ್ದೇಶ. ಅಪಾರ ಸಂಖ್ಯೆಯಲ್ಲಿ ತಯಾರಾಗದೆ ಬೆಲೆ ಇಳಿಯದು, ಬೆಲೆ ಇಳಿಯದೆ ಕೊಳ್ಳುವವರಿಲ್ಲ! 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರಿನ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಮೊದಲಾಗಿ ಇಪ್ಪತ್ತು ಸಾವಿರದವರೆಗೂ ಏರಿತ್ತು. ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿಯನ್ನು ಹೊಕ್ಕಿತು.

ಅಂದ ಹಾಗೆ, ಕೈಯ ಅಲುಗಾಟವನ್ನು ಅರಿಯುವ ಸಂವೇದಕವೊಂದು ಅಮಿಡಾದಲ್ಲಿ ಆಗಲೇ ಇತ್ತು. ಐಫೋನು ಬಂದದ್ದು 2007ರಲ್ಲಿ.