ಮಹಾನಗರದ ಜನಸಂಖ್ಯೆ: ಎಣಿಕೆಯಲ್ಲಿ ನಾವು ಎಲ್ಲಿದ್ದೇವೆ?

ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡುವಂತೆ, ನಗರವೊಂದರ ಆರೋಗ್ಯವನ್ನು ಅರಿಯಬಯಸುವವರು ಮೊದಲು ನೋಡಬೇಕಾದುದು ಅದರ ಜನಸಂಖ್ಯೆಯನ್ನು. ನಮ್ಮ ಹಿರಿಯರು ಖಾನೇಸುಮಾರಿ ಎಂದು ಕರೆಯುತ್ತಿದ್ದ ಜನಗಣತಿಯನ್ನು ಅನೇಕರು ಸರ್ಕಾರದ ವಾಡಿಕೆಯ ಕಾಗದಪತ್ರದ ಕೆಲಸವೆಂದೇ ಭಾವಿಸಿದ್ದಾರೆ. ಬಾಗಿಲಿಗೆ ಬಂದವರಿಗೆ ನಾಲ್ಕು ಮಾತಿನ ಉತ್ತರ ಕೊಟ್ಟು ಕಳುಹಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಎಷ್ಟು ಮಂದಿಗೆ ನೀರು, ಎಷ್ಟು ಮಕ್ಕಳಿಗೆ ಲಸಿಕೆ, ಎಷ್ಟು ಆರೋಗ್ಯ ಕೇಂದ್ರಗಳು ಎಂಬ ಪ್ರಶ್ನೆಗಳಿಗೆಲ್ಲ ಮೂಲಾಧಾರ ಈ ಎಣಿಕೆಯೇ ಆಗಿದೆ. ಹುಟ್ಟೂರನ್ನು ಬಿಟ್ಟು ಬಂದು ಮಹಾನಗರದಲ್ಲಿ ನೆಲೆಸಿರುವ ನಮ್ಮಂಥವರು ಎಣಿಕೆಯಿಂದ ತಪ್ಪಿಹೋಗುವ ಸಂಭವವೂ ಹೆಚ್ಚು. ಆದುದರಿಂದ ಮುಂಬಯಿಯ ಉದಾಹರಣೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಅಂಕಿಗಳು ಹೇಳುವ ಕಥೆ

1891ರ ಗಣತಿಯಲ್ಲಿ ಮುಂಬಯಿ ನಗರದ ಜನಸಂಖ್ಯೆ 8,21,764 ಇದ್ದಿತು. ಹತ್ತು ವರ್ಷಗಳ ತರುವಾಯ ಅದು 7,76,006ಕ್ಕೆ ಇಳಿಯಿತು. ವ್ಯಾಪಾರವೂ ಬಟ್ಟೆಯ ಗಿರಣಿಗಳೂ ವೃದ್ಧಿಸುತ್ತಿದ್ದ ನಗರದಲ್ಲಿ ಜನ ಕಡಿಮೆಯಾದುದೇಕೆ? 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೇಗಸ್ ಅವರು ಗುರುತಿಸಿದ ಪ್ಲೇಗ್ ಇದಕ್ಕೆ ಮುಖ್ಯ ಕಾರಣ. ಸಾವಿರಾರು ಮಂದಿ ಸತ್ತರು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಂದಿ ಊರು ಬಿಟ್ಟು ಹೋದರು. ಹೀಗೆ ಗಣತಿಯ ಒಂದು ಅಂಕಿಯೇ ಒಂದು ಸಾಂಕ್ರಾಮಿಕದ ಸಾಕ್ಷಿಯಾಗಿ ಉಳಿಯಿತು.

ಸ್ವಾತಂತ್ರ್ಯಾನಂತರದ ಚಿತ್ರ ಬೇರೆ. ಬೃಹನ್ಮುಂಬಯಿಯ ಜನಸಂಖ್ಯೆ 1951ರಲ್ಲಿ 29.94 ಲಕ್ಷ, 1961ರಲ್ಲಿ 41.52 ಲಕ್ಷ, 1971ರಲ್ಲಿ 59.71 ಲಕ್ಷ, 1981ರಲ್ಲಿ 82.43 ಲಕ್ಷ. ಅಂದರೆ ಮೂವತ್ತೇ ವರ್ಷಗಳಲ್ಲಿ ಅದು ಎರಡೂಮುಕ್ಕಾಲು ಪಾಲಾಯಿತು. 1991ರಲ್ಲಿ 99.26 ಲಕ್ಷವಾಗಿ, 2001ರಲ್ಲಿ 119.78 ಲಕ್ಷಕ್ಕೆ ಮುಟ್ಟಿ, 2011ರಲ್ಲಿ 124.42 ಲಕ್ಷಕ್ಕೆ ನಿಂತಿತು. 1961-71ರ ದಶಕದಲ್ಲಿ ಶೇಕಡಾ 44ರ ಹತ್ತಿರವಿದ್ದ ಬೆಳವಣಿಗೆ 2001-11ರಲ್ಲಿ ಶೇಕಡಾ 4ಕ್ಕೂ ಕಡಿಮೆಯಾಯಿತು.

ಹಾಗಾದರೆ ಮುಂಬಯಿ ಬೆಳೆಯುವುದನ್ನು ನಿಲ್ಲಿಸಿತೇ? ದಿನವೂ ಲೋಕಲ್ ರೈಲಿನಲ್ಲಿ ಪ್ರಯಾಣ ಮಾಡುವ ಯಾರೂ ಈ ಮಾತನ್ನು ಒಪ್ಪಲಾರರು. ಇದರ ರಹಸ್ಯ ಎಲ್ಲೆಯಲ್ಲಿದೆ.

ಎಲ್ಲೆಯನ್ನು ಎಲ್ಲಿ ಎಳೆಯಬೇಕು?

ನಗರದ ಜನಸಂಖ್ಯೆ ಹೆಚ್ಚಲು ಮೂರು ಮಾರ್ಗಗಳಿವೆ. ಮರಣಗಳಿಗಿಂತ ಜನನಗಳು ಹೆಚ್ಚಾಗಿರುವುದು ಒಂದು. ಹೊರಗಿನಿಂದ ಜನ ಬಂದು ನೆಲೆಸುವುದು ಎರಡು. ನಗರದ ಎಲ್ಲೆಯನ್ನೇ ವಿಸ್ತರಿಸುವುದು ಮೂರು. ಮುಂಬಯಿಯ ಪೌರಾಡಳಿತದ ಎಲ್ಲೆಯನ್ನು 1950ರಲ್ಲಿಯೂ 1957ರಲ್ಲಿಯೂ ಉಪನಗರಗಳತ್ತ ವಿಸ್ತರಿಸಲಾಯಿತು. ಮೇಲೆ ಹೇಳಿದ 1951ರ ಸಂಖ್ಯೆ ಕೂಡ ವಿಸ್ತೃತ ಎಲ್ಲೆಗೆ ಹೊಂದಿಸಿದ ಸಂಖ್ಯೆಯೇ. ಹಾಗೆ ಹೊಂದಿಸದಿದ್ದರೆ ಹಳೆಯ ಹೊಸ ಅಂಕಿಗಳ ಹೋಲಿಕೆಗೆ ಅರ್ಥವಿರುವುದಿಲ್ಲ.

2001 ಮತ್ತು 2011ರ ನಡುವೆ ದ್ವೀಪನಗರವಾದ ಮುಂಬಯಿ ಜಿಲ್ಲೆಯ ಜನಸಂಖ್ಯೆ 33.38 ಲಕ್ಷದಿಂದ 30.85 ಲಕ್ಷಕ್ಕೆ ಇಳಿಯಿತು. ಪರಳ್, ಲಾಲ್‌ಬಾಗ್ ಭಾಗಗಳ ಗಿರಣಿಗಳು 1982ರ ಮುಷ್ಕರದ ಅನಂತರ ಒಂದೊಂದಾಗಿ ಮುಚ್ಚಿದವು. ಚಾಳುಗಳ ಕುಟುಂಬಗಳು ಕೈಗೆಟುಕುವ ಬೆಲೆಯ ಮನೆಗಳನ್ನು ಅರಸುತ್ತ ದೂರ ಸರಿದವು. ಅದೇ ದಶಕದಲ್ಲಿ ಉಪನಗರ ಜಿಲ್ಲೆ 86.40 ಲಕ್ಷದಿಂದ 93.57 ಲಕ್ಷಕ್ಕೆ ಏರಿದರೆ, ಆಗ ಇನ್ನೂ ಪಾಲ್‌ಘರ್ ಭಾಗವನ್ನೂ ಒಳಗೊಂಡಿದ್ದ ಠಾಣೆ ಜಿಲ್ಲೆ 81.32 ಲಕ್ಷದಿಂದ 110.60 ಲಕ್ಷಕ್ಕೆ, ಅಂದರೆ ಶೇಕಡಾ 36ರಷ್ಟು ಬೆಳೆಯಿತು. ನಗರ ನಿಂತಿರಲಿಲ್ಲ, ಎಲ್ಲೆಯನ್ನು ದಾಟಿ ಹೋಗಿತ್ತು.

ಇಂತಹ ಹಬ್ಬುವಿಕೆಯನ್ನು ಲೆಕ್ಕಕ್ಕೆ ತರಲೆಂದೇ 1971ರ ಗಣತಿಯಿಂದ ‘ನಗರ ಸಮುಚ್ಚಯ’ ಎಂಬ ಪರಿಕಲ್ಪನೆ ಬಳಕೆಗೆ ಬಂದಿತು. ಠಾಣೆ, ನವಿ ಮುಂಬಯಿ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್, ಉಲ್ಲಾಸನಗರ, ಅಂಬರನಾಥ, ಬದ್ಲಾಪುರಗಳನ್ನು ಒಳಗೊಂಡ ಮುಂಬಯಿ ಸಮುಚ್ಚಯದ ಜನಸಂಖ್ಯೆ 2011ರಲ್ಲಿ ಸುಮಾರು 1.84 ಕೋಟಿ. ಇಷ್ಟಾದರೂ ವಸಯಿ-ವಿರಾರ್ ಆ ಸಮುಚ್ಚಯದಲ್ಲಿ ಸೇರಿರಲಿಲ್ಲ. ವಿರಾರಿನಲ್ಲಿ ಮಲಗಿ ಚರ್ಚ್‌ಗೇಟಿನಲ್ಲಿ ದುಡಿಯುವ ನಮ್ಮವನು ಈ 1.84 ಕೋಟಿಗೂ ಹೊರಗಿನವನು!

ಜನಸಂಖ್ಯೆಗೂ ಆರೋಗ್ಯಕ್ಕೂ ಇರುವ ನಂಟು

ಜನನ ಪ್ರಮಾಣ, ಮರಣ ಪ್ರಮಾಣ, ರೋಗದ ಪ್ರಮಾಣ ಎಂದು ನಾವು ಕೇಳುವ ಅಂಕಿಗಳೆಲ್ಲವೂ ಭಾಗಾಕಾರದ ಫಲಗಳು. ಮೇಲೆ ಘಟನೆಗಳ ಸಂಖ್ಯೆ, ಕೆಳಗೆ ಜನರ ಸಂಖ್ಯೆ. ಕೆಳಗಿನ ಸಂಖ್ಯೆ ತಪ್ಪಾದರೆ ಉತ್ತರವೂ ತಪ್ಪು. ಪ್ಲೇಗಿನ ಕಾಲದಲ್ಲಿ ಜನ ಓಡಿಹೋಗಿದ್ದ ನಗರದ ಮರಣಗಳನ್ನು 1891ರ ಜನಸಂಖ್ಯೆಯಿಂದ ಭಾಗಿಸಿದರೆ, ಉಳಿದಿದ್ದವರು ಎದುರಿಸಿದ ಅಪಾಯ ಇದ್ದುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಇದಕ್ಕೆ ವಿರುದ್ಧವಾಗಿ, ವೇಗವಾಗಿ ಬೆಳೆದ ಬಡಾವಣೆಯ ರೋಗಿಗಳನ್ನು ಹಳೆಯ ಜನಸಂಖ್ಯೆಯಿಂದ ಭಾಗಿಸಿದರೆ ರೋಗ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಇನ್ನೊಂದು ತೊಡಕನ್ನು ನಮ್ಮ ಮನೆಗಳಲ್ಲಿಯೇ ಕಾಣಬಹುದು. ಜನನ ಮರಣಗಳು ದಾಖಲಾಗುವುದು ಅವು ಘಟಿಸಿದ ಸ್ಥಳದಲ್ಲಿ. ಮುಂಬಯಿಯ ಸೊಸೆ ಚೊಚ್ಚಲ ಹೆರಿಗೆಗೆ ಉಡುಪಿಯ ಅಥವಾ ಧಾರವಾಡದ ತವರಿಗೆ ಹೋದರೆ, ಜನನ ಅಲ್ಲಿ ದಾಖಲಾಗುತ್ತದೆ. ಬಾಣಂತನ ಮುಗಿದ ಮೇಲೆ ಲಸಿಕೆ, ಶಾಲೆ, ನೀರು ಎಲ್ಲವೂ ಆ ಮಗುವಿಗೆ ಬೇಕಾಗುವುದು ಇಲ್ಲಿ. ಹಾಗೆಯೇ ಪರಸ್ಥಳದಿಂದ ಚಿಕಿತ್ಸೆಗೆ ಬಂದು ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡವರು ಇಲ್ಲಿಯ ಮರಣಗಳ ಪಟ್ಟಿಗೆ ಸೇರುತ್ತಾರೆ. ಮನೆಮನೆಗೆ ಬಂದು ವಾಸಿಗಳನ್ನು ಎಣಿಸುವ ಜನಗಣತಿಯೊಂದೇ ಆ ಮಗು ಈಗ ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ಸರಿಯಾಗಿ ತೋರಿಸಬಲ್ಲುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡದಂತೆ ಸುಮಾರು 50,000 ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು. ಒಂದು ಬಡಾವಣೆಯಲ್ಲಿ ಒಂದು ಲಕ್ಷ ಜನರಿದ್ದು ಎಣಿಕೆಯಲ್ಲಿ ಐವತ್ತು ಸಾವಿರವೆಂದೇ ಉಳಿದರೆ, ಎರಡನೆಯ ಕೇಂದ್ರಕ್ಕಾಗಿ ಬೇಡಿಕೆ ಸಲ್ಲಿಸಲು ಆಧಾರವೇ ಇರುವುದಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯಡಿ ಪಡಿತರ ಪಡೆಯುವವರ ಸಂಖ್ಯೆಯನ್ನು ನಿಗದಿಪಡಿಸಿದ್ದು ಕೂಡ 2011ರ ಜನಸಂಖ್ಯೆಯ ಆಧಾರದ ಮೇಲೆಯೇ.

ತಪ್ಪಿಹೋಗುವವರು ಯಾರು?

ಗಣತಿ ಮುಗಿದ ಬಳಿಕ ಆಯ್ದ ಕೆಲವು ಭಾಗಗಳಲ್ಲಿ ಮತ್ತೊಮ್ಮೆ ಎಣಿಸಿ ತಾಳೆ ನೋಡುವ ಪದ್ಧತಿಯುಂಟು. 2011ರ ಗಣತಿಯಲ್ಲಿ ದೇಶಾದ್ಯಂತ ಸಾವಿರಕ್ಕೆ ಸುಮಾರು 23 ಮಂದಿ ಬಿಟ್ಟುಹೋಗಿದ್ದರೆಂದು ಈ ಪರಿಶೀಲನೆಯಿಂದ ತಿಳಿದುಬಂದಿತು. ಬಿಟ್ಟುಹೋಗುವಿಕೆ ಹಳ್ಳಿಗಳಿಗಿಂತ ನಗರಗಳಲ್ಲಿ ಹೆಚ್ಚು. ಸಾವಿರಕ್ಕೆ 23ರ ಲೆಕ್ಕವನ್ನೇ ಹಿಡಿದರೂ ಬೃಹನ್ಮುಂಬಯಿಯ ಗಾತ್ರದ ನಗರದಲ್ಲಿ ಸುಮಾರು 2.86 ಲಕ್ಷ ಜನರಾಗುತ್ತಾರೆ. ಇದು ಒಂದು ಮಧ್ಯಮ ಪಟ್ಟಣದ ಜನಸಂಖ್ಯೆ.

ಬಾಗಿಲಿಗೆ ಬೀಗ ಹಾಕಿ ಮುಂಜಾನೆಯೇ ಕೆಲಸಕ್ಕೆ ಹೋಗುವವರು, ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಯುವಕರು, ಹೋಟೆಲಿನಲ್ಲಿ ದುಡಿದು ಅಲ್ಲಿಯೇ ತಂಗುವ ಹುಡುಗರು ಬಿಟ್ಟುಹೋಗುವ ಸಂಭವ ಹೆಚ್ಚೆಂಬುದನ್ನು ಊಹಿಸುವುದು ಕಷ್ಟವಲ್ಲ. 2011ರಲ್ಲಿ ಮುಂಬಯಿ ಜಿಲ್ಲೆಯಲ್ಲಿ 1,000 ಪುರುಷರಿಗೆ 832 ಸ್ತ್ರೀಯರು ಮಾತ್ರ ಇದ್ದರು. ಕುಟುಂಬವನ್ನು ಊರಿನಲ್ಲಿ ಬಿಟ್ಟು ದುಡಿಯಲು ಬಂದವರ ಗುರುತು ಈ ಅಂಕಿಯಲ್ಲಿದೆ.

ನಾವು ತಿಳಿದಿರಬೇಕಾದುದು

ಮೊದಲನೆಯದಾಗಿ, ವ್ಯಕ್ತಿಯನ್ನು ಎಣಿಸುವುದು ಅವನು ವಾಸವಾಗಿರುವ ಸ್ಥಳದಲ್ಲಿ. ಪಿತ್ರಾರ್ಜಿತ ಮನೆಯಿರುವಲ್ಲಿ ಅಲ್ಲ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಆ ಅವಧಿಯುದ್ದಕ್ಕೂ ಮನೆಯಿಂದ ದೂರವಿದ್ದವರನ್ನು ಆ ಮನೆಯಲ್ಲಿ ಎಣಿಸುವಂತಿರಲಿಲ್ಲ. “ಮಗ ಮುಂಬಯಿಯಲ್ಲಿದ್ದರೂ ನಮ್ಮ ಮನೆಯವನೇ” ಎಂದು ಊರಿನ ತಾಯಿ ಪ್ರೀತಿಯಿಂದ ಹೆಸರು ಬರೆಸಿದರೆ, ಅವನು ಎರಡು ಕಡೆ ಎಣಿಕೆಯಾಗಬಹುದು. ಅಥವಾ ಊರಿನಲ್ಲಿ ಬರೆಸಿಯಾಯಿತೆಂದು ಅವನು ಇಲ್ಲಿ ಸುಮ್ಮನಾಗಬಹುದು.

ಎರಡನೆಯದಾಗಿ, ಹೋಟೆಲು, ಮೆಸ್ಸು, ವಸತಿಗೃಹಗಳಲ್ಲಿ ಒಂದೇ ಅಡಿಗೆಮನೆಯ ಊಟ ಮಾಡುತ್ತ ತಂಗಿರುವ, ಪರಸ್ಪರ ಬಂಧುಗಳಲ್ಲದವರನ್ನು ‘ಸಾಂಸ್ಥಿಕ ಕುಟುಂಬ’ವೆಂದು ಎಣಿಸಲಾಗುತ್ತದೆ. ಅಂಥವರ ಹೆಸರುಗಳು ಒಂದೂ ಬಿಡದಂತೆ ನೋಡಿಕೊಳ್ಳುವುದರಲ್ಲಿ ಮಾಲೀಕರ ಸಹಕಾರ ಅತ್ಯಗತ್ಯ.

ಮೂರನೆಯದಾಗಿ, ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ. ಇದನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರೆಸಬೇಕು. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ತುಳು, ಕೊಂಕಣಿ ಮನೆಮಾತಿನವರು ತಮ್ಮ ಭಾಷೆಯನ್ನೇ ಹೇಳಿ, ಬಲ್ಲ ಇತರ ಭಾಷೆಗಳ ಅಂಕಣದಲ್ಲಿ ಕನ್ನಡವನ್ನು ಬರೆಸಬಹುದು.

ಕೊನೆಯದಾಗಿ, ಭಯಪಡಲು ಕಾರಣವಿಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ವಿಧಿಯಂತೆ ವ್ಯಕ್ತಿಗತ ವಿವರಗಳು ಗೋಪ್ಯವಾಗಿರುತ್ತವೆ. ಗಣತಿಯ ದಾಖಲೆಗಳನ್ನು ಯಾರೂ ತೆಗೆಸಿ ನೋಡುವಂತಿಲ್ಲ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ಕೋವಿಡ್ ಪಿಡುಗಿನ ಕಾರಣ ಮುಂದಕ್ಕೆ ಹೋಯಿತು. 2025ರ ಜೂನ್ 16ರ ಅಧಿಸೂಚನೆಯು ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ಆಧಾರದಿನವೆಂದು ಗೊತ್ತುಪಡಿಸಿದೆ. ಮನೆಗಳ ಪಟ್ಟಿ ಮೊದಲು, ಜನರ ಎಣಿಕೆ ಅನಂತರ. ಹದಿನಾರು ವರ್ಷಗಳ ಅಂತರದ ಈ ಎಣಿಕೆಯಲ್ಲಿ ತಪ್ಪಿದವರಿಗೆ ಮತ್ತೊಂದು ಅವಕಾಶ ಒದಗಲು ಬಹುಕಾಲ ಬೇಕು. ಕನ್ನಡ ಸಂಘಗಳು ತಮ್ಮ ಸದಸ್ಯರಿಗೂ, ಸಭೆ ಸಮಾರಂಭಗಳಿಗೆ ಬರಲು ಬಿಡುವಿಲ್ಲದೆ ದುಡಿಯುವ ನಮ್ಮ ಬಾಂಧವರಿಗೂ ಈ ತಿಳಿವಳಿಕೆಯನ್ನು ಮುಟ್ಟಿಸಿದರೆ ಅದು ಆರೋಗ್ಯ ಶಿಬಿರವನ್ನು ನಡೆಸಿದಷ್ಟೇ ಉಪಕಾರವಾದೀತು. ನಾವು ಉಣ್ಣುವ ಅನ್ನ, ಕುಡಿಯುವ ನೀರು ಈ ನಗರದ್ದು. ನಮ್ಮ ಲೆಕ್ಕವೂ ಇಲ್ಲಿಯೇ ಸೇರುವುದು ನ್ಯಾಯ.